ಜಿ.ಎಲ್. ಗೆರೆ

ನನ್ನ ಕಚೇರಿ ಎಂದರೆ ಮಡಿಕೇರಿಯ ಮಹದೇವಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಹತ್ತಕ್ಕೆ ಹನ್ನೆರಡರ ಕೋಣೆ. ಒಂದು ಕಂಪ್ಯೂಟರು, ನಕ್ಷೆ ಮುದ್ರಿಸುವ, ಆಗಾಗ ಮುಷ್ಕರ ಹೂಡುವ ಒಂದು ಪ್ಲಾಟರು, ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ಬೀರುವಿನ ಕೆಳಗಿನ ಖಾನೆಯಲ್ಲಿ 2011ರ ಒಂದು ಕಡತ ಇದೆ. ಜುಲೈ ಬಂತೆಂದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಕೆಲಸ ಮುಗಿದು ಏಳೆಂಟು ವರ್ಷವಾದ ಕಡತಗಳನ್ನು ಗುಜರಿಗೆ ಹಾಕುವುದು ನನ್ನ ರೂಢಿ. ಇದೊಂದನ್ನು ಹಾಕಲು ಆಗಿಲ್ಲ.

ಅದರೊಳಗಿರುವುದು ಒಂದು ಮನೆಯ ನಕ್ಷೆ. ನಲವತ್ತಕ್ಕೆ ಅರವತ್ತು ಅಡಿ ನಿವೇಶನ, ಕೆಳಗೆ ಎರಡು ಕೋಣೆ, ಮೇಲೆ ಮೂರು. ಅನುಮೋದನೆಗೆ ಕೊಡುವ ಹಾಳೆಯಲ್ಲಿ ಇರಬೇಕಾದದ್ದೆಲ್ಲ ಇದೆ. ಸೈಟ್ ಪ್ಲಾನ್, ಫ್ಲೋರ್ ಪ್ಲಾನ್, ಎಲಿವೇಶನ್, ಸೆಕ್ಷನ್. ಸೆಕ್ಷನ್ ಎಂದರೆ ಮನೆಯನ್ನು ಹಲಸಿನ ಹಣ್ಣಿನ ಹಾಗೆ ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದರೆ ಕಾಣುವ ಚಿತ್ರ. ಅದರ ಬುಡದಲ್ಲಿ ಒಂದು ಗೆರೆ, ಗೆರೆಯ ತುದಿಯಲ್ಲಿ ಜಿ.ಎಲ್. ಎಂಬ ಎರಡಕ್ಷರ. ಗ್ರೌಂಡ್ ಲೆವೆಲ್, ನೆಲಮಟ್ಟ. ಆ ಗೆರೆಯನ್ನು ನಾನು ಹಾಳೆಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಎಳೆದಿದ್ದೇನೆ. ಮನೆಯ ಹಿಂಬದಿಯಲ್ಲಿ ಐದಡಿಯ ಕಾಂಪೌಂಡು ಗೋಡೆ ತೋರಿಸಿದ್ದೇನೆ.

ಜಾಗದಲ್ಲಿ ನೆಲ ಹಾಗಿರಲಿಲ್ಲ. ರಸ್ತೆಯ ಅಂಚಿನಿಂದ ಹಿಂದಿನ ಮೂಲೆಗೆ ಹೋಗುವಷ್ಟರಲ್ಲಿ ಗುಡ್ಡ ಹದಿನೈದಡಿಗೂ ಹೆಚ್ಚು ಏರುತ್ತಿತ್ತು. ಜೆಸಿಬಿ ಬಂತು, ಎರಡು ದಿನ ಬರೆ ಕಡಿಯಿತು, ಎಂದರೆ ಗುಡ್ಡದ ಪಕ್ಕವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯಿತು. ಕಡಿದ ಮಣ್ಣನ್ನು ಮುಂದೆ ರಸ್ತೆಬದಿಗೆ ತುಂಬಿ ಮಟ್ಟ ಮಾಡಿದರು. ಹೀಗೆ ನೆಲ ನನ್ನ ಗೆರೆಯ ಹಾಗೆ ಆಯಿತು. ನಾನು ಕಾಂಪೌಂಡು ಎಂದು ಬರೆದ ಕಡೆ ನಿಜಕ್ಕೂ ಇದ್ದದ್ದು ಹದಿನೈದಡಿಯ ಕೆಂಪು ಮಣ್ಣಿನ ನೆಟ್ಟನೆಯ ಬರೆ, ಅದರ ತಲೆಯ ಮೇಲೆ ಎರಡು ಸಿಲ್ವರ್ ಮರ.

ಸುಳ್ಳು ಬರೆದೆ ಎಂದು ಆಗ ಅನ್ನಿಸಲೇ ಇಲ್ಲ. ಎಲ್ಲರೂ ಹಾಗೇ ಬರೆಯುತ್ತಿದ್ದೆವು. ಪಾಲಿಟೆಕ್ನಿಕ್‌ನಲ್ಲಿ ಕಲಿಸಿದ್ದೂ ಹಾಗೆಯೇ, ಜಿ.ಎಲ್. ಎಂದರೆ ನೆಟ್ಟಗಿನ ಗೆರೆ. ಪುಸ್ತಕದಲ್ಲಿದ್ದ ಮನೆಗಳೆಲ್ಲ ಬಯಲುಸೀಮೆಯವು.

2018ರ ಆಗಸ್ಟ್ 16ರ ರಾತ್ರಿ ಆ ಬರೆ ಅಡುಗೆಮನೆಯೊಳಗೆ ಬಂತು. ಮನೆಯವರು ಹಿಂದಿನ ದಿನವೇ ಹೆದರಿ ಪಿರಿಯಾಪಟ್ಟಣದ ನೆಂಟರ ಮನೆಗೆ ಹೋಗಿದ್ದರು, ಹಾಗಾಗಿ ಉಳಿದರು. ವಾರದ ಮೇಲೆ ನೋಡಲು ಹೋದೆ. ಕಿಟಕಿಯ ಹಲಗೆಯವರೆಗೆ ಕೆಸರು ತುಂಬಿ ಗಟ್ಟಿಯಾಗತೊಡಗಿತ್ತು, ಸಿಂಕಿನ ನಲ್ಲಿಯ ಬಾಗಿದ ಕುತ್ತಿಗೆ ಮಾತ್ರ ಮೇಲೆ ಕಾಣುತ್ತಿತ್ತು. ಸಿಲ್ವರ್ ಮರಗಳಲ್ಲೊಂದು ಬೇರು ಸಮೇತ ನೆಟ್ಟಗೆ ನಿಂತುಕೊಂಡೇ ಹದಿನೈದಡಿ ಕೆಳಗೆ ಬಂದಿತ್ತು. ಮನೆಯ ಯಜಮಾನರು ನನ್ನ ಪಕ್ಕ ನಿಂತು ಸಿಟ್ಟಿಲ್ಲದ ದನಿಯಲ್ಲಿ, "ನೀವು ಬರೆದುಕೊಟ್ಟ ಪ್ಲಾನಿನಲ್ಲಿ ಹಿಂದೆ ಕಾಂಪೌಂಡು ಇತ್ತಲ್ಲ ಇಂಜಿನಿಯರ್ರೇ" ಎಂದರು. ಬೈದಿದ್ದರೆ ವಾಸಿಯಿತ್ತು.

ಆಮೇಲಿನ ಈ ವರ್ಷಗಳಲ್ಲಿ ನಾನು ನಕ್ಷೆಗಳನ್ನು ನೋಡುವ ರೀತಿ ಬದಲಾಗಿದೆ. ನಾವು ಬರೆಯುವ ಮನೆಯ ನಕ್ಷೆಯನ್ನಷ್ಟೇ ಹೇಳುತ್ತಿಲ್ಲ. ಇಡೀ ಊರಿಗೆ ಬರೆಯುವ ನಕ್ಷೆಯಲ್ಲೂ, ಮಾಸ್ಟರ್ ಪ್ಲಾನ್ ಅನ್ನುತ್ತೇವಲ್ಲ ಅದರಲ್ಲೂ, ಈಗ ನನ್ನ ಕಣ್ಣು ಹುಡುಕುವುದು ಆ ಗೆರೆಯನ್ನೇ.

ಮಾಸ್ಟರ್ ಪ್ಲಾನ್ ಹೇಗಿರುತ್ತದೆ ಎಂದು ಕೈಯಲ್ಲಿ ಹಿಡಿದು ನೋಡದವರಿಗೆ ಹೇಳಬೇಕು. ಊಟದ ಮೇಜಿನಷ್ಟು ದೊಡ್ಡ ಹಾಳೆ. ಅದರ ಮೇಲೆ ಬಣ್ಣಗಳು. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರದೇಶ ಎಂದು ಗಡಿ ಹಾಕಿ, ಸರ್ವೆ ಮಾಡಿ, ಮುಂದಿನ ವರ್ಷಗಳಲ್ಲಿ ಎಷ್ಟು ಜನ ಆಗುತ್ತಾರೆ ಎಂದು ಲೆಕ್ಕ ಹಾಕಿ, ಅಷ್ಟು ಜನರಿಗೆ ಎಷ್ಟು ಹಳದಿ ಎಷ್ಟು ನೀಲಿ ಬೇಕು ಎಂದು ಹಂಚುತ್ತಾರೆ. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕಾಯ್ದೆ ಹೇಳುವುದು ಇಷ್ಟು. ಬೆಂಗಳೂರಿನಂಥ ಊರಿಗೇ 2015ಕ್ಕೆಂದು ಮಾಡಿದ ಯೋಜನೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು, 2031ರದ್ದು 2017ರಲ್ಲಿ ಕರಡಾಗಿ ಬಂದು 2020ರಲ್ಲಿ ವಾಪಸಾಯಿತು. ಹಳೆಯದೇ ನಡೆಯಿತು. ಅಷ್ಟು ದೊಡ್ಡ ಊರಿನ ಕಥೆ ಅದಾದರೆ ನಮ್ಮಂಥ ಬೆಟ್ಟದ ಮೇಲಿನ ಸಣ್ಣ ಊರಿನದು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಆದರೆ ವಿಳಂಬದ ಬಗ್ಗೆ ಗೊಣಗುವುದು ನನ್ನ ಉದ್ದೇಶವಲ್ಲ. ಹೊತ್ತಿಗೆ ಸರಿಯಾಗಿ ಬಂದಿದ್ದರೂ ಅದೇ ಹಾಳೆ ಬರುತ್ತಿತ್ತು.

ಆ ಹಾಳೆ ಊರನ್ನು ನೋಡುವುದು ಹದ್ದಿನ ಹಾಗೆ, ನೇರ ಮೇಲಿನಿಂದ. ಮೇಲಿನಿಂದ ನೋಡಿದರೆ ಮಡಿಕೇರಿಯೂ ಮಂಡ್ಯವೂ ಒಂದೇ. ಕೋಟೆಯ ದಿಬ್ಬ, ಓಂಕಾರೇಶ್ವರ ದೇವಸ್ಥಾನದ ತಗ್ಗು ಎರಡೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಕಾಣುತ್ತವೆ. ಇಪ್ಪತ್ತು ಡಿಗ್ರಿ ಇಳಿಜಾರಿನ ಹಳದಿಗೂ ಸಮತಟ್ಟಾದ ಹಳದಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಎರಡು ಮನೆಗಳ ನಡುವೆ ಕಡ್ಡಿಯಷ್ಟು ಸಣ್ಣ ನೀಲಿ ಗೆರೆ ಇದ್ದರೆ ಅದು ತೋಡು, ಸಣ್ಣ ಹಳ್ಳ. ಬೇಸಿಗೆಯಲ್ಲಿ ಸರ್ವೆ ಮಾಡಿದ್ದರೆ ಆ ಗೆರೆಯೂ ಇರುವುದಿಲ್ಲ, ಯಾಕೆಂದರೆ ಮಾರ್ಚಿನಲ್ಲಿ ಅದು ಒಣಗಿದ ಚರಂಡಿ. ಜೂನ್ ಇಪ್ಪತ್ತರ ಮೇಲೆ ಬಂದು ನೋಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುವ ಊರಿದು.

ಮಡಿಕೇರಿ ಊರಾದದ್ದೇ ಎತ್ತರದ ಕಾರಣಕ್ಕೆ. 1681ರಲ್ಲಿ ಮುದ್ದುರಾಜ ಇಲ್ಲಿ ರಾಜಧಾನಿ ಕಟ್ಟಿದ್ದು ಶತ್ರು ಹತ್ತಿ ಬರುವುದು ಕಷ್ಟವಾಗಲಿ ಎಂದು. ಕೋಟೆ, ಅದರ ಸುತ್ತ ಒಂದಿಷ್ಟು ಬೀದಿ, ದಿಬ್ಬದ ನೆತ್ತಿಯಲ್ಲಿ ಮನೆಗಳು. ಇಂಗ್ಲಿಷರು 1834ರಲ್ಲಿ ಬಂದ ಮೇಲೂ ಬಂಗಲೆ ಕಟ್ಟಿದ್ದು ನೆತ್ತಿಗಳಲ್ಲೇ, ಸಮತಟ್ಟು ಇದ್ದ ಕಡೆಯಲ್ಲೇ. ಇಳಿಜಾರುಗಳಿಗೆ ಕೈ ಹಾಕಿದ್ದು ನಾವು, ಅದೂ ನನ್ನ ಕಣ್ಣೆದುರಲ್ಲಿ. ಅದಕ್ಕೆ ನಕ್ಷೆ ಬರೆದವರಲ್ಲಿ ನಾನೂ ಒಬ್ಬ.

ನನ್ನ ಅಪ್ಪ ತೋಟವೊಂದರಲ್ಲಿ ರೈಟರ್ ಆಗಿದ್ದರು. ಕೊಡಗಿನ ಹೊರಗಿನವರಿಗೆ ಹೇಳುವುದಾದರೆ, ಎಸ್ಟೇಟಿನ ಲೆಕ್ಕ ಬರೆಯುವವರು, ಹಾಜರಿ ಹಾಕುವವರು. ಜಮೀನಿನ ಜಾತಿಗಳನ್ನೆಲ್ಲ ಅವರು ಬಾಯಿಪಾಠ ಹೇಳುತ್ತಿದ್ದರು. ಜಮ್ಮ, ಉಂಬಳಿ, ಸಾಗು, ಬಾಣೆ, ಪೈಸಾರಿ, ದೇವರಕಾಡು. ಚಿಕ್ಕಂದಿನಲ್ಲಿ ನನಗೆ ಅದು ಬರೀ ಕಂದಾಯದ ಗೊಂದಲ ಎಂದು ತೋರುತ್ತಿತ್ತು. ಈಗ ನೋಡಿದರೆ ಅದೊಂದು ಸೆಕ್ಷನ್ ಡ್ರಾಯಿಂಗ್.

ಹೇಗೆಂದರೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಗದ್ದೆ. ಗದ್ದೆಯ ಮಧ್ಯೆ ಅಥವಾ ಅಂಚಿಗೆ ತೋಡು. ಗದ್ದೆ ಮುಗಿದು ಏರು ಶುರುವಾಗುವಲ್ಲಿ ಮನೆತನದ ಮೂಲಮನೆ, ಐನ್‌ಮನೆ. ಅದರ ಮೇಲೆ ಬಾಣೆ. ಆ ಗದ್ದೆಗೇ ಸೇರಿದ ಗುಡ್ಡ ಅದು, ದನ ಮೇಯಲು, ಸೊಪ್ಪು ಸೌದೆ ತರಲು. ಗದ್ದೆಯ ಜೊತೆಗಿರುವವರೆಗೆ ಅದಕ್ಕೆ ಕಂದಾಯವಿಲ್ಲ. ಅದಕ್ಕೂ ಆಚೆ ದೇವರಕಾಡು, ಅಲ್ಲಿ ಕತ್ತಿ ಆಡಿಸುವ ಹಾಗಿಲ್ಲ. ಪಕ್ಕದಿಂದ ನೋಡಿ. ಎತ್ತರದಲ್ಲಿ ಮರ, ನಡುವೆ ಸೊಪ್ಪಿನ ಗುಡ್ಡ, ಬುಡದಲ್ಲಿ ಮನೆ, ತಗ್ಗಿನಲ್ಲಿ ನೀರು ನಿಲ್ಲಲು ಗದ್ದೆ. ಇಳಿಜಾರಿನ ಯಾವ ಮಟ್ಟದಲ್ಲಿ ಏನಿರಬೇಕು ಎನ್ನುವುದು ಜಮೀನಿನ ಹೆಸರಿನಲ್ಲೇ ಇತ್ತು. ಬಣ್ಣದ ಹಾಳೆ ಬೇಕಿರಲಿಲ್ಲ.

ಇದನ್ನು ಓದಿ ಕೆಲವರು ಹಳೆಯ ಕಾಲವೇ ಚೆಂದ ಎಂದು ಕಾಮೆಂಟ್ ಹಾಕುತ್ತೀರಿ ಎಂದು ಗೊತ್ತು. ನಿಲ್ಲಿ. ಆ ಸೆಕ್ಷನ್ನಿನಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಜಮ್ಮ, ಎಂದರೆ ವಂಶಪಾರಂಪರ್ಯವಾಗಿ ಬರುವ ಜಮೀನು, ಇದ್ದದ್ದು ಕೆಲವು ಮನೆತನಗಳಿಗೆ. ಗದ್ದೆ ನೆಟ್ಟ ಯರವ ಬುಡಕಟ್ಟಿನವರಿಗೆ, ಆಮೇಲೆ ಘಟ್ಟದ ಆಚೆ ಈಚೆಯಿಂದ ತೋಟದ ಕೆಲಸಕ್ಕೆ ಬಂದವರಿಗೆ ಸಿಕ್ಕಿದ್ದು ಧಣಿಯ ಲೈನ್ ಮನೆ, ಕೂಲಿಯವರ ಸಾಲುಮನೆ. ಕೆಲಸ ಬಿಟ್ಟ ದಿನ ಅದೂ ಇಲ್ಲ. ನಾನು ಹುಟ್ಟಿ ಬೆಳೆದದ್ದೂ ರೈಟರ್ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ವಯಸ್ಸಾಗುತ್ತಿದ್ದಂತೆ ಅಮ್ಮ ಕೇಳುತ್ತಿದ್ದ ಪ್ರಶ್ನೆ ಒಂದೇ, "ಇಲ್ಲಿಂದ ಎಬ್ಬಿಸಿದರೆ ಎಲ್ಲಿಗೆ ಹೋಗುವುದು?"

ಎಬ್ಬಿಸಿಕೊಂಡವರೆಲ್ಲ ಎಲ್ಲಿಗೆ ಹೋದರು? ಪೇಟೆಗೆ. ಪೇಟೆಯಲ್ಲಿ ಯಾರೂ ಬೇಡವೆಂದ ಪೈಸಾರಿಗೆ, ಎಂದರೆ ಖಾಲಿ ಬಿದ್ದ ಸರ್ಕಾರಿ ಜಾಗಕ್ಕೆ. ಯಾರೂ ಬೇಡ ಎಂದದ್ದು ಯಾಕೆ? ಕಡಿದಾಗಿತ್ತು, ಅದಕ್ಕೆ. 2018ರಲ್ಲಿ ಮಡಿಕೇರಿಯೊಳಗೆ ಮನೆಗಳು ಜಾರಿದ ಜಾಗಗಳ ಹೆಸರು ಓದಿ ನೋಡಿ. ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರ. ಲಾಡ್ಜುಗಳಲ್ಲಿ ಹಾಸಿಗೆ ಹಾಸುವವರು, ಗಾರೆ ಕೆಲಸದವರು, ಆಟೋ ಓಡಿಸುವವರು ಇರುವುದು ಇಂಥ ಇಳಿಜಾರುಗಳಲ್ಲೇ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ, ಭೂಕಂದಾಯ ಕಾಯ್ದೆಯ 94ಸಿಸಿಯಲ್ಲಿ ಅರ್ಜಿ ಹಾಕಿದವರಿಗೆ ಹಕ್ಕುಪತ್ರ ಸಿಗುತ್ತದೆ. ಸಿಗಲೇಬೇಕು, ಇಪ್ಪತ್ತು ಮೂವತ್ತು ವರ್ಷ ಕೂತ ಜಾಗ. ಆದರೆ ಹಕ್ಕುಪತ್ರದಲ್ಲಿ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಯಾರು ಪಶ್ಚಿಮಕ್ಕೆ ಯಾರು ಎಂದು. ಮೇಲೆ ಯಾರು, ಕೆಳಗೆ ಯಾರು ಎಂದು ಇರುವುದಿಲ್ಲ. ಮೇಲಿನವನು ಬಚ್ಚಲ ನೀರನ್ನು ಪೈಪು ಹಾಕಿ ಬಿಟ್ಟರೆ ಅದು ಇಳಿಯುವುದು ಕೆಳಗಿನವಳ ಹಿತ್ತಿಲ ಗೋಡೆಯ ಹಿಂದಕ್ಕೆ. ನಾಲ್ಕು ದಿಕ್ಕಿನ ಕಾಗದಕ್ಕೆ ಆ ಐದನೆಯ, ಆರನೆಯ ದಿಕ್ಕು ಗೊತ್ತಿಲ್ಲ.

2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿದರು. ವಿಪರೀತ ಮಳೆ ಬಂದದ್ದು ಹೌದು, ಆದರೆ ರಸ್ತೆಗೆ, ಮನೆಗೆ ಎಂದು ಇಳಿಜಾರುಗಳನ್ನು ಕಡಿದದ್ದು, ನೀರಿನ ಸಹಜ ದಾರಿ ಮುಚ್ಚಿದ್ದು ದೊಡ್ಡ ಕಾರಣ ಎಂದರು. ನಮ್ಮ ಮೇಸ್ತ್ರಿಗಳು ಅದನ್ನೇ ಹೇಳುವುದು ಬೇರೆ ಮಾತಿನಲ್ಲಿ: "ಗುಡ್ಡದ ಕಾಲು ಕಡಿದರೆ ಅದು ಕೂತ್ಕೊಳ್ತದೆ ಸಾರ್." ಗುಡ್ಡ ನಿಂತಿರುವುದು ಅದರ ಬುಡದ ಮಣ್ಣಿನ ಭಾರದ ಮೇಲೆ. ಆ ಬುಡವನ್ನು ನಾವು ಕಡಿಯುತ್ತೇವೆ. ಕಡಿದ ಸಡಿಲ ಮಣ್ಣನ್ನು ಮುಂದೆ ತುಂಬಿ ಅದರ ಮೇಲೆ ಪಿಲ್ಲರ್ ನಿಲ್ಲಿಸುತ್ತೇವೆ. ಜೂನ್, ಜುಲೈ ಎರಡು ತಿಂಗಳು ಮಣ್ಣು ನೀರು ಕುಡಿಯುತ್ತಲೇ ಇರುತ್ತದೆ. ಆಗಸ್ಟಿನಲ್ಲಿ ಹೊಟ್ಟೆ ತುಂಬಿದ ಮೇಲೆ ಬರುವ ದೊಡ್ಡ ಮಳೆಗೆ ಅದರೊಳಗೆ ಜಾಗವಿಲ್ಲ. ಒಳಗಿನ ನೀರೇ ಮಣ್ಣಿನ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ತಡೆಗೋಡೆಗಳಲ್ಲಿ ಸಾಲು ಸಾಲು ತೂತು ಇಡುವುದು ಆ ನೀರನ್ನು ಹೊರಗೆ ಬಿಡಲು. ಅವುಗಳಲ್ಲಿ ಪಾಚಿ, ಪ್ಲಾಸ್ಟಿಕ್ ಸಿಕ್ಕಿಕೊಂಡು ಒಂದು ಹನಿಯೂ ಬರದೆ ಇರುವ ಗೋಡೆಗಳನ್ನು ಕಂಡರೆ ನಾನು ಈಗ ಆ ಪಕ್ಕ ಗಾಡಿ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ನೀರು ಸೋರುವ ಗೋಡೆ ಒಳ್ಳೆಯ ಗೋಡೆ. ಜನ ಅದನ್ನು ಕಂಡು ಹೆದರುತ್ತಾರೆ, ಒಣಗಿದ್ದನ್ನು ಕಂಡು ಮೆಚ್ಚುತ್ತಾರೆ.

ಜಿ.ಎಲ್. ಗೆರೆಯ ವಿಷಯದಲ್ಲಿ ಇನ್ನೂ ಒಂದು ಹೇಳಬೇಕು, ನಮ್ಮ ವೃತ್ತಿಯವರು ಹೊರಗೆ ಹೇಳದ್ದು. ರಸ್ತೆಯಿಂದ ಮೇಲಕ್ಕೆ ಏರುವ ಸೈಟಿನ ಕಥೆ ಬರೆ ಕಡಿಯುವುದು. ರಸ್ತೆಯಿಂದ ಕೆಳಕ್ಕೆ ಇಳಿಯುವ ಸೈಟಿನದು ಇನ್ನೂ ಸ್ವಾರಸ್ಯ. ರಸ್ತೆಯ ಮಟ್ಟವನ್ನೇ ಜಿ.ಎಲ್. ಎಂದು ತೋರಿಸಿದರೆ ಅದರ ಕೆಳಗೆ ಬರುವುದೆಲ್ಲ ಸೆಲ್ಲಾರ್. ಸೆಲ್ಲಾರಿನಲ್ಲಿ ಪಾರ್ಕಿಂಗ್ ಎಂದು ಬರೆದರೆ ಅದು ಎಫ್‌ಎಆರ್ ಲೆಕ್ಕಕ್ಕೆ, ಎಂದರೆ ಸೈಟಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದು ಎಂಬ ಮಿತಿಗೆ, ಬರುವುದಿಲ್ಲ. ರಸ್ತೆಯಿಂದ ನೋಡಿದರೆ ಎರಡು ಅಂತಸ್ತಿನ ಸಭ್ಯ ಕಟ್ಟಡ. ಎದುರು ಗುಡ್ಡದಿಂದ ನೋಡಿದರೆ ನಾಲ್ಕೋ ಐದೋ ಅಂತಸ್ತು, ತೆಳ್ಳಗಿನ ಕಾಲುಗಳ ಮೇಲೆ ಕೊಲ್ಲಿಯತ್ತ ಬಗ್ಗಿ ನಿಂತದ್ದು. ಪಾರ್ಕಿಂಗ್ ಎಂದ ಕಡೆ ಕಾರು ಇಳಿಯಲು ದಾರಿಯೇ ಇಲ್ಲ, ಕಿಟಕಿ ಪರದೆ ಇದೆ, ವ್ಯಾಲಿ ವ್ಯೂ ರೂಮ್. ಒಂದು ಗೆರೆಯನ್ನು ನೆಟ್ಟಗೆ ಎಳೆಯುವುದರಿಂದ ಎಂಟು ಕೋಣೆ ಹುಟ್ಟುತ್ತವೆ ಎಂದರೆ ಅದನ್ನು ಓರೆಯಾಗಿ ಎಳೆಯುವ ಇಂಜಿನಿಯರನ ಬಳಿ ಯಾರು ಬರುತ್ತಾರೆ?

ನೀಲಗಿರಿಯಲ್ಲಿ 1993ರಿಂದ ಬೆಟ್ಟದ ಊರುಗಳಿಗೆಂದೇ ಬೇರೆ ಕಟ್ಟಡ ನಿಯಮಗಳಿವೆ, ಎತ್ತರ ಏಳು ಮೀಟರ್ ದಾಟಬಾರದು ಎಂದು. ಅಲ್ಲೂ ಉಲ್ಲಂಘನೆ ಇಲ್ಲ ಎಂದಲ್ಲ, ಊಟಿಗೆ ಹೋದವರಿಗೆ ಗೊತ್ತು. ಆದರೆ ಬೆಟ್ಟಕ್ಕೆ ಬೇರೆ ನಿಯಮ ಬೇಕು ಎಂದು ಒಪ್ಪಿಕೊಳ್ಳುವುದೇ ಒಂದು ಹೆಜ್ಜೆ.

ಇನ್ನು ಜನಸಂಖ್ಯೆ. ಇದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವ ಸಂಗತಿ.

ಊರು ಬೆಳೆಯುತ್ತಿದೆ, ಬೆಳೆಯುತ್ತಿದೆ ಎನ್ನುತ್ತೇವೆ. ಜನಗಣತಿ ತೆಗೆದು ನೋಡಿದರೆ ಕೊಡಗು ಬೆಳೆದೇ ಇಲ್ಲ. 2001ರಲ್ಲಿ ಜಿಲ್ಲೆಯ ಜನ 5,48,561. 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಹೆಚ್ಚಿದ್ದು ಆರು ಸಾವಿರಕ್ಕೂ ಕಡಿಮೆ, ನೂರಕ್ಕೆ ಒಂದರಷ್ಟು. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಬೆಳೆದಿತ್ತು. ಮಡಿಕೇರಿ ನಗರದಲ್ಲಿ 2011ರಲ್ಲಿ ಇದ್ದವರು 33,381. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮಾಸ್ಟರ್ ಪ್ಲಾನ್ ಮಾಡುವವರು ಮೊದಲು ಹಾಕುವುದು ಜನಸಂಖ್ಯೆಯ ಮುನ್ನೋಟ. ಪಾಲಿಟೆಕ್ನಿಕ್‌ನಲ್ಲಿ ನಮಗೂ ಕಲಿಸಿದ್ದರು, ಅಂಕಗಣಿತದ ವಿಧಾನ, ಗುಣೋತ್ತರ ವಿಧಾನ ಎಂದು ಎರಡು ಮೂರು ಸೂತ್ರ. ಯಾವ ಸೂತ್ರಕ್ಕೆ ಹಾಕಿದರೂ ಕೊಡಗಿಗೆ ಬರುವ ಉತ್ತರ, ಇಲ್ಲಿ ಹೆಚ್ಚೇನೂ ಆಗುವುದಿಲ್ಲ, ಮಲಗಿ ಎಂದು.

ಹಾಗಾದರೆ ಈ ಕಟ್ಟಡಗಳೆಲ್ಲ ಯಾರಿಗೆ? ಶನಿವಾರ ಬೆಳಿಗ್ಗೆ ಟೋಲ್‌ಗೇಟ್ ಹತ್ತಿರ ನಿಂತರೆ ಉತ್ತರ ಸಾಲುಗಟ್ಟಿ ಬರುತ್ತದೆ. ನಮ್ಮ ಮಕ್ಕಳು ಕಲಿತು ಬೆಂಗಳೂರಿಗೆ ಹೋಗುತ್ತಾರೆ, ಬೆಂಗಳೂರು ಶುಕ್ರವಾರ ರಾತ್ರಿ ಹೊರಟು ಇಲ್ಲಿಗೆ ಬರುತ್ತದೆ. ಹೋದವರು ಗಣತಿಯಿಂದ ಕಳೆದುಹೋದರು, ಬಂದವರು ಗಣತಿಗೆ ಸೇರಲಿಲ್ಲ. ಊರು ಬೆಳೆದದ್ದು ಭಾನುವಾರಗಳಲ್ಲಿ. ಭಾನುವಾರದ ಮಡಿಕೇರಿ ಯಾವ ಲೆಕ್ಕದಲ್ಲೂ ಇಲ್ಲ.

ನೀರಿನ ಲೆಕ್ಕವನ್ನೇ ನೋಡಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. 33,381 ಜನರಿಗೆ ಗುಣಿಸಿದರೆ ಸುಮಾರು 45 ಲಕ್ಷ ಲೀಟರ್. ಕೂಟುಹೊಳೆಯಿಂದ, ಕುಂಡಾಮೇಸ್ತ್ರಿ ಎಂಬ ಜಲಮೂಲದಿಂದ ಪಂಪು ಮಾಡಿ ಬೆಟ್ಟಕ್ಕೆ ಏರಿಸುವ ನೀರು ಅದು. ನಮ್ಮ ಪುಸ್ತಕದಲ್ಲೇ ಇನ್ನೊಂದು ಸಾಲಿದೆ, ಹೋಟೆಲಿಗೆ ಹಾಸಿಗೆಯೊಂದಕ್ಕೆ 180 ಲೀಟರ್, ಐದು ನಕ್ಷತ್ರದ್ದಾದರೆ 320. ಎಂದರೆ ಮನೆಯಲ್ಲಿರುವವನಿಗಿಂತ ನೆಂಟನಿಗೆ ಹೆಚ್ಚು ನೀರು ಬೇಕು ಎಂದು ಪುಸ್ತಕವೇ ಒಪ್ಪುತ್ತದೆ. ತಪ್ಪಲ್ಲ, ನೆಂಟರಿಗೆ ಬಿಸಿನೀರು ಕೊಡುವ ಊರೇ ಇದು. ಆದರೆ ಎಷ್ಟು ಹಾಸಿಗೆ ಎಂದು ಎಣಿಸದೆ ಗುಣಿಸುವುದು ಹೇಗೆ? ಏಪ್ರಿಲಿನಲ್ಲಿ ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ನಲ್ಲಿ ಬಿಡುವ ಹೊತ್ತಿಗೆ ಟ್ಯಾಂಕರುಗಳು ಗೇರ್ ಬದಲಿಸುತ್ತ ಹೋಂಸ್ಟೇಗಳ ಏರು ಹತ್ತುವ ಸದ್ದು ಕೇಳುತ್ತಿರುತ್ತದೆ. ನನ್ನ ಹೆಂಡತಿ ಕೊಡ ಹಿಡಿದುಕೊಂಡು ಒಮ್ಮೆ ಹೇಳಿದಳು, "ನಾವೂ ಎರಡು ರೂಮು ಹೋಂಸ್ಟೇ ಮಾಡುವ, ನೀರಾದರೂ ಬರುತ್ತದೆ." ತಮಾಷೆಗೆ ಹೇಳಿದ್ದು. ಪೂರ್ತಿ ತಮಾಷೆಯೂ ಅಲ್ಲ. ಕಾಳುಮೆಣಸು, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳನ್ನು ನಿಲ್ಲಿಸಿದ್ದು ಆ ಎರಡು ರೂಮುಗಳೇ. ಹಾಗಾಗಿ ಪ್ರವಾಸಿಗರು ಬರಬಾರದು ಎಂದು ಬೋರ್ಡು ಹಿಡಿಯುವವರ ಜೊತೆ ನಾನು ನಿಲ್ಲಲಾರೆ. ಎಣಿಸಿ ಎಂದಷ್ಟೇ ನನ್ನ ಹಟ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ ತಿಂಗಳಿನಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ಗಾಡಿಗಳಿಗೆ ಇ-ಪಾಸ್ ಬಂತು. ಮುಂದಿನ ವರ್ಷ ನೀಲಗಿರಿಗೆ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಮಿತಿ ಹಾಕಿದರು. ಅದು ಸರಿಯೋ ತಪ್ಪೋ, ಅವರ ಬಳಿ ಈಗ ಒಂದು ಸಂಖ್ಯೆ ಇದೆ. ನಮ್ಮಲ್ಲಿ ಲಾಂಗ್ ವೀಕೆಂಡ್ ಮುಗಿದ ಮೇಲೆ ರಾಜಾಸೀಟಿನ ಚರುಮುರಿ ಮಾರುವವನನ್ನು ಕೇಳಿ ಅಂದಾಜು ಮಾಡಿಕೊಳ್ಳುತ್ತೇವೆ.

ಇಳಿಜಾರೇ ಸಮಸ್ಯೆ ಎಂದರೆ ಸಮತಟ್ಟಿಗೆ ಹೋಗಿ ಎನ್ನುವವರಿದ್ದಾರೆ. ಹೋಗಿದ್ದಾರೆ ಕೂಡ. ಕುಶಾಲನಗರ ಈಗ ತಾಲೂಕು ಕೇಂದ್ರ, ಕೊಡಗಿನಲ್ಲಿ ನಿಜಕ್ಕೂ ಜನ ಸೇರುತ್ತಿರುವ ಊರು. ಮಡಿಕೇರಿಯಲ್ಲಿ ಬರೆ ಕಂಡು ಹೆದರಿದವರು ಅಲ್ಲಿ ಸೈಟು ತೆಗೆದರು. ನನ್ನ ಭಾವ ತೆಗೆದದ್ದು 2016ರಲ್ಲಿ. ನಾನೇ ಹೋಗಿ ನೋಡಿ, ನೆಲ ತಟ್ಟೆಯ ಹಾಗಿದೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದಿದ್ದೆ. ಅಲ್ಲಿ ನನ್ನ ಜಿ.ಎಲ್. ಗೆರೆ ಸತ್ಯವೇ ಆಗಿತ್ತು. 2018ರಲ್ಲಿ ಅಲ್ಲಿನ ಬಡಾವಣೆಗಳಿಗೆ ಕಾವೇರಿ ಬಂದಳು, 2019ರಲ್ಲಿ ಮತ್ತೆ ಬಂದಳು. ಸಾಯಿ ಬಡಾವಣೆ, ಕುವೆಂಪು ಬಡಾವಣೆಯಲ್ಲಿ ದೋಣಿ ಓಡಾಡಿದವು. ಭಾವನ ಮನೆಯ ಹಾಲಿನಲ್ಲಿ ಸೊಂಟದ ಎತ್ತರಕ್ಕೆ ಕಂದು ಪಟ್ಟಿಯೊಂದು ಉಳಿಯಿತು. ಎರಡು ಸಲ ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಅದು ಮತ್ತೆ ಮೂಡುತ್ತದೆ. ಅಕ್ಕ ಅದರ ಮುಂದೆ ಸೋಫಾ ಎಳೆದು ಇಟ್ಟಿದ್ದಾಳೆ. ಅಲ್ಲಿ ನೆಲ ಸಪಾಟು, ಆದರೆ ಹೊಳೆಗೊಂದು ಎತ್ತರ ಇದೆ, ಅದು ವರ್ಷಕ್ಕೊಂದು ತರಹ. ಆ ಎತ್ತರವನ್ನು ನಾನು ಹಾಳೆಯಲ್ಲಿ ಹುಡುಕಲೇ ಇಲ್ಲ. ಅಲ್ಲಿಂದ ಒಂದಷ್ಟು ಕೆಳಗೆ ಹಾರಂಗಿ ಬಂದು ಕಾವೇರಿಗೆ ಸೇರುವ ಊರಿನ ಹೆಸರೇ ಕೂಡಿಗೆ. ಎರಡು ಹೊಳೆ ಕೂಡುವ ಮಗ್ಗುಲಲ್ಲಿ ಮನೆ ಕಟ್ಟುವಾಗ ಊರಿನ ಹೆಸರನ್ನಾದರೂ ಓದಬೇಕಿತ್ತು.

ಕರಡು ಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಅರವತ್ತು ದಿನ ಸಿಗುತ್ತದೆ. ನಾನು ಬೇರೆ ಬೇರೆಯವರಿಗಾಗಿ ಇಂಥ ಆಕ್ಷೇಪಣೆ ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. ನೂರಕ್ಕೆ ತೊಂಬತ್ತು ಪಾಲು ಅರ್ಜಿ ಒಂದೇ: ನನ್ನ ಸರ್ವೆ ನಂಬರನ್ನು ಹಸಿರಿನಲ್ಲಿ ತೋರಿಸಿದ್ದೀರಿ, ಹಳದಿ ಮಾಡಿಕೊಡಿ. ಪಕ್ಕದವನದು ಹಳದಿಯಾಗಿದೆ. ಅವರನ್ನು ದೂರುವುದೂ ಕಷ್ಟ. ಹಸಿರೆಂದು ತೋರಿಸಿದ ಗದ್ದೆಗೆ ಬೆಲೆಯಿಲ್ಲ. ನಾಟಿಗೆ ಆಳಿಲ್ಲ, ಬಂದ ಭತ್ತವನ್ನು ಆನೆ ತುಳಿಯುತ್ತದೆ. ಮಗಳ ಫೀಸು ಹಳದಿ ಬಣ್ಣದಲ್ಲಿದೆ. ಊರಿಗೆಲ್ಲ ತೋಡಿನ ನೀರು ಹಿಡಿದಿಟ್ಟುಕೊಳ್ಳುವ ಗದ್ದೆಯನ್ನು ಒಬ್ಬನೇ ನಷ್ಟದಲ್ಲಿ ಉಳಿಸಿಕೊಳ್ಳಬೇಕು ಎಂದು ಬಣ್ಣ ಬಳಿಯುವವರು, ಅವನಿಗೆ ಅದರ ಬದಲು ಏನು ಕೊಡುತ್ತೀರಿ ಎಂದು ಹೇಳಿದ್ದನ್ನು ನಾನು ಕಂಡಿಲ್ಲ. ತೋಡಿಗೆ ಇನ್ನೂ ಎರಡು ಮೀಟರ್ ಜಾಗ ಬಿಡಿ ಎಂದು ಯಾರೂ ನನ್ನ ಕೈಯಲ್ಲಿ ಅರ್ಜಿ ಬರೆಸಿಲ್ಲ. ನಾನಾಗಿ ಬರೆದೂ ಇಲ್ಲ, ಒಪ್ಪಿಕೊಳ್ಳುತ್ತೇನೆ.

ಬರೆದದ್ದು ಬೇರೆ ಒಂದಿದೆ. ಈ ವರ್ಷ ಏಪ್ರಿಲಿನಲ್ಲಿ ಒಬ್ಬರು ಬಂದರು. ಪೇಟೆಯಿಂದ ಸ್ವಲ್ಪ ಆಚೆ, ರಸ್ತೆಯಿಂದ ಕೆಳಕ್ಕೆ ಇಳಿಯುವ ಜಾಗ, ಒಂಬತ್ತು ಕೋಣೆಯ ಕಟ್ಟಡ ಬೇಕು. ನಾನೂ ನನ್ನ ಹಳೆಯ ಮೇಸ್ತ್ರಿಯೂ ಅಳೆಯಲು ಹೋದೆವು. ಮಟ್ಟ ನೋಡಲು ಈಗ ಲೇಸರ್ ಬಂದಿದೆ, ಆದರೆ ಕಾಡುಗಿಡ ತುಂಬಿದ ಇಳಿಜಾರಿನಲ್ಲಿ ಮೇಸ್ತ್ರಿಗೆ ಟ್ಯೂಬೇ ನಂಬಿಕೆ. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಹೋಗುವವರೆಗೆ ಬೆರಳಿನಿಂದ ತಟ್ಟಿ ತಟ್ಟಿ, ಒಂದು ತುದಿಯನ್ನು ರಸ್ತೆಯ ಕಲ್ಲಿನ ಹತ್ತಿರ ನಾನು ಹಿಡಿದೆ. ಇನ್ನೊಂದು ತುದಿಯೊಂದಿಗೆ ಅವರು ಇಳಿದರು. ಕೋಲು ನೆಟ್ಟು, ಗುರುತು ಹಾಕಿ, ಮತ್ತೆ ಇಳಿದು, ಐದು ಸಲ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ಬಂದು ನಡುಗಿ ನಿಲ್ಲುತ್ತದಲ್ಲ, ಆ ಕ್ಷಣ ನನಗೆ ಈಗಲೂ ಇಷ್ಟ. ಅರವತ್ತಡಿಯಲ್ಲಿ ಇಪ್ಪತ್ತೊಂದಡಿ ಇಳಿತ. ತುದಿಯಲ್ಲಿ ನಿಂತು ಮೇಸ್ತ್ರಿ ಕೂಗಿದರು, "ಇಲ್ಲಿ ಒದ್ದೆ ಉಂಟು ಸಾರ್." ಏಪ್ರಿಲಿನಲ್ಲಿ ಒದ್ದೆ ಎಂದರೆ ಅಲ್ಲೊಂದು ಒರತೆ ಇದೆ ಎಂದು ಅರ್ಥ.

ಸೆಕ್ಷನ್ ಬರೆಯುವಾಗ ಗೆರೆಯನ್ನು ಇದ್ದ ಹಾಗೇ ಎಳೆದೆ. ಇಪ್ಪತ್ತೊಂದಡಿ ಇಳಿಯುವ ಓರೆ ಗೆರೆ, ತುದಿಯಲ್ಲಿ ಒರತೆಗೆ ಸಣ್ಣ ಗುರುತು. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೂರು ಮಟ್ಟದ ಕಟ್ಟಡ, ಒರತೆಯಿಂದ ದೂರ. ಕೋಣೆ ಐದಾದವು. ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೆಂತ ಸಾರ್, ಗೆರೆ ಡೊಂಕಾಗಿದೆ?" ಎಂದರು. ನೆಲ ಡೊಂಕಿದೆ ಎಂದೆ. "ಹೀಗೆ ಕೊಟ್ಟರೆ ಅಲ್ಲಿ ಪ್ರಶ್ನೆ ಕೇಳ್ತಾರಲ್ಲ. ನೆಟ್ಟಗಿದ್ದರೆ ಯಾರೂ ಕೇಳುದಿಲ್ಲ." ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಯಾಕೆಂದರೆ ಅದು ನಿಜ. ನನ್ನ ಇಷ್ಟು ವರ್ಷದ ಅನುಭವದಲ್ಲಿ ನೆಟ್ಟಗಿನ ಗೆರೆಗೆ ಯಾವ ಮೇಜಿನಿಂದಲೂ ಪ್ರಶ್ನೆ ಬಂದದ್ದಿಲ್ಲ. ಅವರು ಒಳ್ಳೆಯ ಮನುಷ್ಯ, ಅಳತೆಯ ದುಡ್ಡು ಅಲ್ಲೇ ಎಣಿಸಿ ಕೊಟ್ಟು ಹೋದರು. ಮತ್ತೆ ಬರಲಿಲ್ಲ.

ಮೇ ಕೊನೆಯಲ್ಲಿ ಆ ದಾರಿಯಾಗಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಹಳದಿ ಜೆಸಿಬಿ, ಹೊಸದಾಗಿ ಕಡಿದ ಕೆಂಪು ಮಣ್ಣು, ಅದರ ಮೇಲೆ ನೀಲಿ ಟಾರ್ಪಾಲು. ಆ ವಾರವೇ ಮೇಸ್ತ್ರಿಯ ಫೋನ್ ಬಂತು. ಹೊಸ ಇಂಜಿನಿಯರು ಅವರನ್ನೇ ಕರೆದಿದ್ದಾರಂತೆ, ಮಳೆಗೆ ಮುಂಚೆ ಪಿಲ್ಲರ್ ಏಳಿಸಬೇಕಂತೆ. ಹೇಳಲು ಅವರಿಗೂ ಮುಜುಗರ. ಸ್ವಲ್ಪ ಹೊತ್ತು ಮಳೆಯ ಮಾತಾಡಿದೆವು.

"ಸಾರ್, ನಿಮ್ಮ ಟ್ಯೂಬು ನನ್ನ ಚೀಲದಲ್ಲೇ ಉಳಿದಿದೆ," ಎಂದರು ಕೊನೆಗೆ. "ತಂದುಕೊಡ್ಲಾ? ಇಲ್ಲಿ ಅದು ಬೇಕಾಗುದಿಲ್ಲ."

ಇರಲಿ ಮೇಸ್ತ್ರಿ, ನಿಮ್ಮ ಹತ್ತಿರವೇ ಇರಲಿ ಎಂದೆ.

"ಒದ್ದೆ ಇದ್ದಲ್ಲಿ ಮೂರು ಲೋಡು ಮಣ್ಣು ಹಾಕಿದ್ರು," ಎಂದರು.